ಕತ್ತರಿಸಿಟ್ಟ ನೂರೈವತ್ತು ಅಡಿ

ಪರ್ವತಾರೋಹಣದ ಆ ಚಿತ್ರಕ್ಕೆ ಕತ್ತರಿ ಹಾಕಬೇಕೆಂದು ನಾನು ತೀರ್ಮಾನಿಸಿದ್ದು ಪಡುಬಿದ್ರಿಯ ಒಂದು ಶಾಲೆಯ ಅಂಗಳದಲ್ಲಿ. ಜನ ಗಲಾಟೆ ಮಾಡಿದರು ಎನ್ನುವುದು ನಾನು ಹೊರಗೆ ಹೇಳಿಕೊಂಡ ಕಾರಣ. ಮುಂದೆ ಕತ್ತರಿಸಿದ ಆ ಭಾಗ ಬರುವಷ್ಟರಲ್ಲಿ ಮೈಕಿನಲ್ಲಿ ಮಾತಾಡಲು ನನ್ನಲ್ಲಿ ಉಸಿರೇ ಉಳಿಯುತ್ತಿರಲಿಲ್ಲ ಎನ್ನುವುದು ಹೇಳದೆ ಬಿಟ್ಟ ಕಾರಣ.

ಎಪ್ಪತ್ತರ ದಶಕದ ಕೊನೆಯ ಭಾಗ ಅದು. ಉಡುಪಿಯಲ್ಲಿದ್ದ ಸರ್ಕಾರಿ ಪ್ರಚಾರ ವ್ಯಾನಿನಲ್ಲಿ ನಾನು ಆಪರೇಟರ್ ಆಗಿದ್ದೆ. ವ್ಯಾನಿಗೆ ನಾವಿಬ್ಬರೇ ಜನ, ಡ್ರೈವರ್ ಮತ್ತು ನಾನು. ಡ್ರೈವರ್ ಅಲೆವೂರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಮನಸ್ಸಿಗೆ ಬಂದದ್ದನ್ನು ತಡೆದು ಆಡಿ ಗೊತ್ತಿಲ್ಲದವರು. ಸಂಜೆ ನಾಲ್ಕಕ್ಕೆ ಹೊರಟು, ಬೆಳಕಿರುವಾಗಲೇ ಪರದೆ ಕಟ್ಟಿ, ಜನರೇಟರನ್ನು ಅದರ ಸದ್ದು ಕೇಳದಷ್ಟು ದೂರಕ್ಕೆ ಇಬ್ಬರೂ ಹೊತ್ತು ಇಟ್ಟು, ಅಲ್ಲಿಂದ ವಯರು ಎಳೆದು ತರಬೇಕು. ಪ್ರೊಜೆಕ್ಟರನ್ನು ಶಾಲೆಯ ಮೇಜಿನ ಮೇಲಿಟ್ಟು ಫಿಲ್ಮ್ ಪೋಣಿಸುವುದು ನನ್ನ ಕೆಲಸ. ಹದಿನಾರು ಎಂಎಂ ಫಿಲ್ಮ್ ಹಲ್ಲುಚಕ್ರಕ್ಕೆ ಸರಿಯಾಗಿ ಕೂರಬೇಕು, ಬೆಳಕು ಹಾಯುವ ಗೇಟಿನ ಮೇಲೆ ಒಂದು ಸಡಿಲ ಬಳುಕು, ಕೆಳಗೆ ಒಂದು ಬಳುಕು ಬಿಡಬೇಕು. ಬಳುಕು ಸಣ್ಣದಾದರೆ ಫಿಲ್ಮ್ ತುಂಡಾಗುತ್ತದೆ, ದೊಡ್ಡದಾದರೆ ಚಿತ್ರ ಕುಣಿಯುತ್ತದೆ.

ಮಲೇರಿಯಾ, ರಸಗೊಬ್ಬರ, ಕುಟುಂಬ ಯೋಜನೆ, ಇವು ನಮ್ಮ ಸರಕು. ಇವಿಷ್ಟನ್ನೇ ತೋರಿಸಿದರೆ ಜನ ಕೂರುವುದಿಲ್ಲವೆಂದು ಮೇಲಿನಿಂದ ಈ ಪರ್ವತದ ಚಿತ್ರವನ್ನು ಕಳಿಸಿಕೊಟ್ಟಿದ್ದರು. ಇಪ್ಪತ್ತೆರಡು ನಿಮಿಷದ್ದು. ಹಿಮಾಲಯದ ಯಾವುದೋ ಶಿಖರಕ್ಕೆ ನಮ್ಮವರ ಒಂದು ತಂಡ ಹೋದ ಕಥೆ. ವಿವರಣೆ ಹಿಂದಿಯಲ್ಲಿತ್ತು. ಕಾಪುವಿನ ಕಡಲ ಬದಿಯಲ್ಲಿ ಅದು ಯಾರಿಗೆ ಅರ್ಥವಾಗಬೇಕು? "ಸೌಂಡು ಸಣ್ಣದು ಮಾಡಿ ನೀವೇ ಹೇಳಿ" ಎಂದು ನಮ್ಮ ಅಧಿಕಾರಿ ಅಪ್ಪಣೆ ಮಾಡಿದರು. ನಾನು ನಾಲ್ಕು ಹಾಳೆ ಬರೆದುಕೊಂಡೆ. ಶಾಲೆಗಳಲ್ಲಿ ಕನ್ನಡ, ಊರುಗಳಲ್ಲಿ ತುಳು.

ಆ ಚಿತ್ರ ಶುರುವಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಹಿಮವನ್ನೇ ಕಾಣದ ಜನ ಬಾಯಿಬಿಟ್ಟು ನೋಡುತ್ತಿದ್ದರು. ಏಣಿ ಇಟ್ಟು ಬಿರುಕು ದಾಟುವಾಗ ಹೆಂಗಸರು "ಅಯ್ಯೋ" ಎನ್ನುತ್ತಿದ್ದರು. ಆದರೆ ಕೊನೆಯ ಶಿಬಿರದಿಂದ ಹೊರಟ ನಾಲ್ವರು, ಶಿಖರ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ, ಗಾಳಿಗೆ ಹೆದರಿ ಹಿಂದಿರುಗುತ್ತಿದ್ದರು. ಇಳಿಯುತ್ತಾರೆ, ಇಳಿಯುತ್ತಾರೆ, ಮುಗಿಯುವುದೇ ಇಲ್ಲ. ಆಮೇಲೆ ಡೇರೆಯೊಳಗೆ ಒಬ್ಬ ಸುಮ್ಮನೆ ಕೂತಿರುತ್ತಾನೆ. ನಾಲ್ಕು ನಿಮಿಷಕ್ಕೂ ಮೇಲೆ ಇಷ್ಟೇ, ಆಮೇಲೆಯೇ ಮತ್ತೆ ಹತ್ತುವುದು.

ಪಡುಬಿದ್ರಿಯಲ್ಲಿ ಹಿಂದಿನಿಂದ ಒಬ್ಬ ಕೂಗಿದ. "ಎಂತ ಮಾರಾಯ, ಇವರು ಇಳಿಯುವುದನ್ನು ನೋಡ್ಲಿಕ್ಕೆ ನಾವು ಬಂದದ್ದಾ?"

ಜನ ನಕ್ಕರು. ನಾನು ಏನಾದರೂ ಹೇಳಬೇಕೆಂದು ಮೈಕ್ ಎತ್ತಿದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮು ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೇಳಿತು. ಮತ್ತೆ ನಕ್ಕರು.

ಮರುದಿನ ಕಚೇರಿಯಲ್ಲಿ ಕೂತು ಆ ಭಾಗವನ್ನು ಕತ್ತರಿಸಿದೆ. ನಾಲ್ವರು ಮೇಲೆ ಹತ್ತುತ್ತಿರುವ ಕೊನೆಯ ಚೌಕಟ್ಟಿಗೆ, ಅವರು ಎರಡನೆಯ ಸಲ ಹತ್ತುವ ಮೊದಲ ಚೌಕಟ್ಟನ್ನು ಅಂಟಿಸಿದೆ. ಅಂಚಿನ ಲೇಪವನ್ನು ಬ್ಲೇಡಿನಿಂದ ಕೆರೆದು, ಅಂಟನ್ನು ಸಣ್ಣ ಕುಂಚದಲ್ಲಿ ಹಚ್ಚಿ, ಇಪ್ಪತ್ತು ಎಣಿಸುವವರೆಗೆ ಒತ್ತಿ ಹಿಡಿದೆ. ಜೋಡಣೆ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಹುಡುಕಬೇಕಾಯಿತು. ತೆಗೆದ ತುಂಡು ನೂರೈವತ್ತು ಅಡಿ. ಅದನ್ನು ಸುತ್ತಿ ಖಾಲಿ ಡಬ್ಬಿಯೊಂದರಲ್ಲಿ ಹಾಕಿ ಕಪಾಟಿನ ಹಿಂದಕ್ಕೆ ತಳ್ಳಿದೆ.

ಅಲ್ಲಿಂದ ಮುಂದೆ ನಮ್ಮ ಚಿತ್ರದಲ್ಲಿ ಯಾರೂ ಹಿಂದಿರುಗಲಿಲ್ಲ. ಹೊರಟರು, ಹತ್ತಿದರು, ಮುಟ್ಟಿದರು. ಕೊನೆಯಲ್ಲಿ ಶಿಖರದ ಮೇಲೆ ಬಾವುಟ ಹಿಡಿದು ನಿಂತ ಒಂದು ಸ್ತಬ್ಧಚಿತ್ರ ಬರುತ್ತಿತ್ತು, ಕ್ಯಾಮೆರಾದವನಿಗೆ ಅಲ್ಲಿಯವರೆಗೆ ಹತ್ತಲಾಗಲಿಲ್ಲವೋ ಏನೋ. ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದರು.

ನನ್ನ ಕೆಮ್ಮು ಮಾತ್ರ ಕತ್ತರಿಗೆ ಸಿಗಲಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ. ಪ್ಯಾಂಟಿಗೆ ಬೆಲ್ಟಿನಲ್ಲಿ ಹೊಸ ತೂತು. ಕಾಪುವಿನಲ್ಲಿ ಒಂದು ದಿನ ಚಿತ್ರದ ನಡುವೆ ಕೆಮ್ಮಲು ಶುರು ಮಾಡಿದವನು ನಿಲ್ಲಿಸಲಾರದೆ ಮೇಜಿನ ಮೇಲೆ ಬಾಗಿದೆ. ಡ್ರೈವರ್ ಓಡಿ ಬಂದು ಪ್ರೊಜೆಕ್ಟರಿನ ಸ್ವಿಚ್ ಆರಿಸಿದರು.

"ಇದು ಶೀತ ಅಲ್ಲ ಮಾರಾಯ್ರೆ" ಎಂದರು. "ನಾಳೆ ಮಣಿಪಾಲಕ್ಕೆ ಹೋಗುವ. ನೀವು ಬರುವುದಿಲ್ಲ ಅಂದ್ರೆ ನಾನು ವ್ಯಾನು ತೆಗೆಯುವುದಿಲ್ಲ."

ಮಣಿಪಾಲದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಮಬ್ಬು, ಅದರೊಳಗೆ ಒಂದು ಕಪ್ಪು ತೂತು ತೋರಿಸಿದರು. ಕ್ಷಯ. ಮೂರು ತಿಂಗಳು ದಿನಾ ಇಂಜೆಕ್ಷನ್, ಹದಿನೆಂಟು ತಿಂಗಳು ಮಾತ್ರೆ ಮತ್ತು ಪುಡಿ.

"ಒಂದು ದಿನವೂ ತಪ್ಪಬಾರದು" ಎಂದರು. "ನಿಮಗೆ ಗುಣವಾಯಿತು ಅಂತ ಅನಿಸುವ ದಿನ ಬರ್ತದೆ. ಆ ದಿನವೂ ತಪ್ಪಬಾರದು."

ನಾನು ತಲೆಯಾಡಿಸಿದೆ. ಉಡುಪಿಯ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ಬೆಳಿಗ್ಗೆ ಎಂಟಕ್ಕೆ ಸೊಂಟದ ಕೆಳಗೆ ಸೂಜಿ ಚುಚ್ಚಿಸಿಕೊಂಡು ಕೆಲಸಕ್ಕೆ ಹೋಗತೊಡಗಿದೆ. ಸೂಜಿ ಬೇಕಾದರೂ ತಡೆದುಕೊಳ್ಳಬಹುದಿತ್ತು, ಆ ಪುಡಿಯನ್ನಲ್ಲ. ಬಾಯಿಗೆ ಹಾಕಿದರೆ ಹೊಟ್ಟೆ ತೊಳಸಿ ಬರುತ್ತಿತ್ತು, ಅರ್ಧ ದಿನ ಊಟದ ಹೆಸರೆತ್ತಿದರೆ ವಾಕರಿಕೆ. ಆದರೂ ಮೂರು ತಿಂಗಳಲ್ಲಿ ಕೆಮ್ಮು ಹೋಯಿತು. ನಾಲ್ಕನೆಯ ತಿಂಗಳಲ್ಲಿ ಬೆಲ್ಟಿನ ಹಳೆಯ ತೂತಿಗೆ ಬಂದೆ. ಐದನೆಯ ತಿಂಗಳ ಕೊನೆಯಲ್ಲಿ, ಡಾಕ್ಟರು ಹೇಳಿದ್ದ ಆ ದಿನ ಬಂತು. ನನಗೆ ಗುಣವಾಗಿತ್ತು. ಪುಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡಿದೆ, ಬಿಡಿಸಲಿಲ್ಲ.

ಹೆಂಡತಿ ಒಂದು ವಾರದ ಮೇಲೆ ಕೇಳಿದಳು. "ಈ ತಿಂಗಳ ಔಷಧ ತರಲಿಲ್ವಾ?"

"ಮುಗಿಯಿತು."

"ಡಾಕ್ಟ್ರು ಹದಿನೆಂಟು ತಿಂಗಳು ಅಂದದ್ದಲ್ವಾ?"

"ನನಗೆ ಬೇಗ ಗುಣವಾಗಿದೆ, ಇನ್ನು ಬೇಡ ಅಂದ್ರು."

ಅವಳು ನಂಬಿದಳು. ಅವಳಿಗೆ ನಂಬದಿರಲು ನಾನು ಅದುವರೆಗೆ ಕಾರಣ ಕೊಟ್ಟಿರಲಿಲ್ಲ. ಬೇರೆ ಇಟ್ಟಿದ್ದ ನನ್ನ ತಟ್ಟೆ ಲೋಟಗಳನ್ನು ಆ ದಿನವೇ ಉಳಿದ ಪಾತ್ರೆಗಳ ಜೊತೆ ಸೇರಿಸಿದಳು. ಆರು ವರ್ಷದ ಮಗಳು ಮತ್ತೆ ನನ್ನ ಪಕ್ಕ ಕೂತು ಊಟ ಮಾಡತೊಡಗಿದಳು.

ನಾಲ್ಕು ತಿಂಗಳು ಚೆನ್ನಾಗಿಯೇ ಇದ್ದೆ. ಆಮೇಲೆ ಮಲ್ಪೆಯಲ್ಲಿ ಒಂದು ಸಂಜೆ, ಡ್ರೈವರ್ ಜೊತೆ ಜನರೇಟರ್ ಎತ್ತಿ ನಾಲ್ಕು ಹೆಜ್ಜೆ ಇಟ್ಟಿದ್ದೆ, ಗಂಟಲಿನಲ್ಲಿ ಬೆಚ್ಚಗೆ ಏನೋ ಬಂತು. ಉಗುಳಿದೆ. ಮರಳಿನ ಮೇಲೆ ಕೆಂಪು. ನಾನು ಕಾಲಿನಿಂದ ಮರಳು ಎಳೆದು ಮುಚ್ಚಿದೆ. ಡ್ರೈವರ್ ನೋಡಿದ್ದರು.

"ನೀವು ಮದ್ದು ಬಿಟ್ಟಿದ್ದೀರಿ ಅಲ್ವಾ?" ಎಂದು ಕೇಳಿದರು. ಅವರು ಜನರೇಟರನ್ನು ಒಬ್ಬರೇ ಎಳೆದು ವ್ಯಾನಿಗೆ ಹಾಕಿದರು. ಅವತ್ತು ಚಿತ್ರ ತೋರಿಸಲಿಲ್ಲ.

ಮಣಿಪಾಲದಲ್ಲಿ ಅದೇ ಡಾಕ್ಟರು. ಹಳೆಯ ಎಕ್ಸ್‌ರೇ ಮತ್ತು ಹೊಸದು, ಎರಡನ್ನೂ ಪಕ್ಕಪಕ್ಕ ಸಿಕ್ಕಿಸಿದರು. ಈಗ ಮಬ್ಬು ಎಡಗಡೆಯೂ ಇತ್ತು. ಕಫದಲ್ಲಿ ರೋಗಾಣು ಇತ್ತು.

"ಎಷ್ಟು ತಿಂಗಳು ತಗೊಂಡಿರಿ?"

"ಐದು."

"ಮೊದಲಿನಿಂದ ಶುರು ಮಾಡಬೇಕು. ಇಂಜೆಕ್ಷನ್ನೂ ಮೊದಲಿನಿಂದ. ಒಂದು ಮಾತ್ರೆ ಬದಲಾಯಿಸ್ತೇನೆ. ಹದಿನೆಂಟು ತಿಂಗಳು."

"ಹದಿಮೂರು ಅಲ್ವಾ? ಐದು ಆಗಿದೆಯಲ್ಲ."

"ಆ ಐದು ಲೆಕ್ಕಕ್ಕಿಲ್ಲ."

ನನಗೆ ಆ ಮನುಷ್ಯನ ಮೇಲೆ ವಿಪರೀತ ಸಿಟ್ಟು ಬಂತು. ತೊಂಬತ್ತು ಸೂಜಿ, ನೂರೈವತ್ತು ದಿನ ತೊಳಸಿದ ಹೊಟ್ಟೆ, ಇದೆಲ್ಲ ಲೆಕ್ಕಕ್ಕಿಲ್ಲ ಎಂದರೆ? ಅವರು ಇನ್ನೊಂದು ಮಾತು ಹೇಳಿದರು, ಸಿಟ್ಟಿನಲ್ಲಿಯೂ ಅದು ಕಿವಿಗೆ ಬಿತ್ತು. "ಮನೆಯಲ್ಲಿ ಯಾರೆಲ್ಲ ಇದ್ದಾರೆ? ಅವರನ್ನೂ ಕರ್ಕೊಂಡು ಬನ್ನಿ. ಮಗುವನ್ನು ಮೊದಲು."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಅವಳು ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನಿಮಗೆ ಕಾಯಿಲೆ ಬಂದದ್ದಕ್ಕೆ ನಾನು ಒಂದು ಮಾತು ಆಡಿದ್ದೇನಾ?" ಎಂದು ಕೇಳಿದಳು. "ಅವಳನ್ನು ನಿಮ್ಮ ಪಕ್ಕ ಕೂರಿಸಿದ್ದು ನಾನು. ನೀವು ಹೇಳಿದ್ದನ್ನು ನಂಬಿ ಕೂರಿಸಿದ್ದು."

ಇಬ್ಬರನ್ನೂ ಮರುದಿನ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಮಗಳ ಮುಂಗೈಗೆ ಒಂದು ಸಣ್ಣ ಚುಚ್ಚು, ಮೂರು ದಿನ ಬಿಟ್ಟು ಅದರ ಬಾವು ಅಳೆಯಬೇಕು. ಆ ಮೂರು ದಿನ ಅವಳು ಗಳಿಗೆಗೊಮ್ಮೆ ಕೈ ತೋರಿಸುತ್ತಿದ್ದಳು. "ಅಪ್ಪ, ಕೆಂಪಾಗಿದೆಯಾ ನೋಡಿ." ಕೆಂಪಾಗಲಿಲ್ಲ. ಇಬ್ಬರಿಗೂ ಏನೂ ಇರಲಿಲ್ಲ.

ಇಷ್ಟಾದ ಮೇಲಾದರೂ ನಾನು ಓಡಿಹೋಗಿ ಇಂಜೆಕ್ಷನ್ ಶುರು ಮಾಡಿರಬೇಕು ಎಂದು ಓದುವವರಿಗೆ ಅನಿಸಬಹುದು. ಮಾಡಲಿಲ್ಲ. ಮಗಳ ಕೈ ಅಳೆದ ದಿನವೇ ಬರೆಸಿಕೊಂಡ ಚಿಕಿತ್ಸಾಲಯದ ಹೊಸ ಕಾರ್ಡು ಜೇಬಿನಲ್ಲಿತ್ತು. ಬೆಳಿಗ್ಗೆ ಹೊರಡುತ್ತಿದ್ದೆ, ಆ ರಸ್ತೆಯ ತಿರುವಿನವರೆಗೆ ಹೋಗಿ ಕಚೇರಿಯ ಕಡೆ ತಿರುಗುತ್ತಿದ್ದೆ. ಕಾರ್ಡಿನ ಖಾಲಿ ಚೌಕಗಳನ್ನು ನೋಡಿದರೆ ಮಂಡೆಬೆಚ್ಚ, ತಲೆ ಬಿಸಿಯಾಗುತ್ತಿತ್ತು. ಒಂದು ಎಂದು ಮತ್ತೆ ಶುರು ಮಾಡುವುದು ಎಷ್ಟು ಅವಮಾನವೆನಿಸುತ್ತಿತ್ತೆಂದರೆ, ಅದಕ್ಕಿಂತ ಕಾಯಿಲೆಯೇ ಸಹ್ಯ ಎಂಬಂತೆ ನಾಲ್ಕು ದಿನ ತಿರುಗಾಡಿದೆ. ಮನೆಯಲ್ಲಿ ಹೆಂಡತಿ ಕೇಳುತ್ತಿರಲಿಲ್ಲ. ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಅನಿಸಿರಬೇಕು. ಆ ಮೌನ ನನ್ನನ್ನು ಇನ್ನಷ್ಟು ಕೆರಳಿಸಿತು.

ಐದನೆಯ ದಿನ ಅಧಿಕಾರಿ ನನ್ನನ್ನು ಕರೆದರು. ಪರ್ವತದ ಚಿತ್ರವನ್ನು ಸದ್ಯದಲ್ಲೇ ವಾಪಸು ಕಳಿಸಬೇಕಿತ್ತು. ಕಳಿಸುವ ಮೊದಲು ಅಡಿ ಅಳೆದು ಬರೆಯುವುದು ನಿಯಮ. ಅವರೇ ಅಳೆಸಿ ನೋಡಿದ್ದರು.

"ನೂರೈವತ್ತು ಅಡಿ ಕಡಿಮೆ ಉಂಟು. ಎಂತಾಯಿತು?"

"ಕತ್ತರಿಸಿದ್ದೇನೆ ಸರ್. ಜನ ಗಲಾಟೆ ಮಾಡ್ತಿದ್ರು."

"ಜನ ಗಲಾಟೆ ಮಾಡಿದ್ರೆ ಸರ್ಕಾರದ ಚಿತ್ರ ಕತ್ತರಿಸುವುದಾ? ನಿಮಗೆ ಮಂಡೆ ಸರಿ ಉಂಟಾ? ತುಂಡು ಎಲ್ಲಿ?"

"ಉಂಟು ಸರ್."

"ಇವತ್ತೇ ಸೇರಿಸಿ. ಕಳಿಸುವ ಮೊದಲು ಕಾರ್ಕಳದ ಶಾಲೆಯವರಿಗೆ ಒಮ್ಮೆ ತೋರಿಸಬೇಕು. ಪೂರ್ತಿ ತೋರಿಸಬೇಕು."

ಡಬ್ಬಿ ತೆಗೆದೆ. ಕರಾವಳಿಯ ಹವೆಗೆ ಫಿಲ್ಮ್ ಮೇಲೆ ಬೂಷ್ಟು ಹಿಡಿದಿತ್ತು. ಮೆತ್ತನೆಯ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಅಡಿ ಅಡಿಯಾಗಿ ಒರೆಸಿದೆ. ಎರಡು ಕಡೆ ಅಂಚಿನ ರಂಧ್ರಗಳು ಹರಿದಿದ್ದವು, ಅವನ್ನು ಸರಿಪಡಿಸಲು ಭೂತಗನ್ನಡಿ ಹಿಡಿದು ಒಂದೊಂದೇ ಚೌಕಟ್ಟು ನೋಡಬೇಕಾಯಿತು. ಹೀಗೆ, ಮೂವತ್ತು ಊರುಗಳಲ್ಲಿ ತೋರಿಸಿದ ಚಿತ್ರವನ್ನು ನಾನು ಮೊದಲ ಸಲ ನೋಡಿದೆ.

ಮಧ್ಯಾಹ್ನ ಜೋಡಿಸಿ ಮುಗಿಯಿತು. ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಕಿಟಕಿಗಳಿಗೆ ಬಟ್ಟೆ ಕಟ್ಟಿ, ಗೋಡೆಯ ಮೇಲೆಯೇ ಬಿಟ್ಟೆ. ಡ್ರೈವರ್ ಬಾಗಿಲು ಅರ್ಧ ತೆರೆದು ಹೊಸ್ತಿಲಿನಲ್ಲಿ ಕೂತರು. ಅವರಿಗೆ ನನ್ನ ಕಾಯಿಲೆಯ ಹೆದರಿಕೆ ಇತ್ತು. ಅದನ್ನು ಮುಚ್ಚಿಡುತ್ತಿರಲಿಲ್ಲ, ಅದಕ್ಕಾಗಿ ನನ್ನನ್ನು ಬಿಟ್ಟೂ ಹೋಗಿರಲಿಲ್ಲ.

ಈ ಸಲ ಧ್ವನಿ ದೊಡ್ಡದು ಮಾಡಿದೆ. ನನ್ನ ನಾಲ್ಕು ಹಾಳೆ ಬರೆದ ಮೇಲೆ ಹಿಂದಿ ವಿವರಣೆಯನ್ನು ನಾನು ಕೇಳಿಯೇ ಇರಲಿಲ್ಲ. ನಾಲ್ವರು ಹಗ್ಗದಲ್ಲಿ ನಿಂತಿದ್ದಾರೆ. ಶಿಖರ ಅವರ ತಲೆಯ ಮೇಲೆ ಕಾಣುತ್ತಿದೆ. ಮುಂದಿನವನು ಕೈ ಎತ್ತುತ್ತಾನೆ, ತಿರುಗುತ್ತಾನೆ. ವಿವರಣೆಕಾರ ಹೇಳಿದ್ದು ಇಷ್ಟೇ: ಹವೆ ಕೆಟ್ಟದ್ದರಿಂದ ತಂಡ ಕೆಳಗಿನ ಶಿಬಿರದವರೆಗೂ ಇಳಿಯಬೇಕಾಯಿತು. ಒಂಬತ್ತು ದಿನ ಕಾದು ಅವರು ಅಲ್ಲಿಂದ ಮತ್ತೆ ಹೊರಟರು.

ಕೆಳಗಿನ ಶಿಬಿರದಿಂದ. ಮೇಲೆ, ಹಿಂದೆ ತಿರುಗಿದ ಜಾಗದಿಂದ ಅಲ್ಲ.

ಆಮೇಲೆ ಡೇರೆಯ ಒಳಗಿನ ಆ ಮನುಷ್ಯ. ನಾನು ಅವನು ಸುಮ್ಮನೆ ಕೂತಿದ್ದಾನೆ ಎಂದುಕೊಂಡಿದ್ದೆ. ಅವನು ಬೂಟು ಹಾಕುತ್ತಿದ್ದ. ಎರಡನೆಯ ಸಲ ಹೊರಡುವ ಬೆಳಿಗ್ಗೆ ಅದು. ಬೂಟಿನ ಲಾಡಿ ಕಡ್ಡಿಯ ಹಾಗೆ ಸೆಟೆದಿತ್ತು, ಬೆರಳುಗಳು ಊದಿಕೊಂಡಿದ್ದವು. ಒಂದು ಗಂಟು ಹಾಕುತ್ತಾನೆ, ಜಾರುತ್ತದೆ. ಮತ್ತೆ ಹಾಕುತ್ತಾನೆ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಉಸಿರು ತೆಗೆಯುತ್ತಾನೆ, ಎದೆ ಎದ್ದು ಬೀಳುವುದು ದಪ್ಪ ಕೋಟಿನ ಮೇಲೂ ಕಾಣುತ್ತದೆ. ಅದು ನನಗೆ ಪರಿಚಯವಿದ್ದ ಉಸಿರು. ವಿವರಣೆಯೂ ಇಲ್ಲ, ಸಂಗೀತವೂ ಇಲ್ಲ. ಪ್ರೊಜೆಕ್ಟರಿನ ಸದ್ದು ಮಾತ್ರ.

ಅವನ ಮುಖದಲ್ಲಿ ಧೈರ್ಯದಂಥದ್ದು ಏನಾದರೂ ಇದೆಯೇ ಎಂದು ನಾನು ಹುಡುಕುತ್ತಿದ್ದೆ. ಆಗ ಡ್ರೈವರ್ ಬಾಗಿಲಿನಿಂದ ಹೇಳಿದರು.

"ಇವನಿಗೆ ಎಂಥ ಸಿಟ್ಟು ಬಂದಿದೆ ನೋಡಿ ಮಾರಾಯ್ರೆ."

ನಿಜ. ಅವನು ಸಿಟ್ಟಿನಲ್ಲಿದ್ದ. ಯಾರ ಮೇಲೆ ಎಂದು ಗೊತ್ತಿಲ್ಲ, ಬೂಟಿನ ಮೇಲೆಯೋ, ಹವೆಯ ಮೇಲೆಯೋ, ಕ್ಯಾಮೆರಾ ಹಿಡಿದು ಎದುರು ಕೂತವನ ಮೇಲೆಯೋ. ದವಡೆ ಬಿಗಿದಿತ್ತು. ಒಂದು ಬೂಟು ಮುಗಿಸಿ, ಇನ್ನೊಂದನ್ನು ನೋಡಿ, ಕೆಟ್ಟದ್ದೇನೋ ಬೈದ, ತುಟಿಯಿಂದ ತಿಳಿಯುತ್ತಿತ್ತು. ಬೈದು ಅದನ್ನೂ ಎಳೆದುಕೊಂಡ.

ಅಲ್ಲಿಯವರೆಗೆ ನಾನು, ಇಂಥ ಕೆಲಸವನ್ನು ಮತ್ತೆ ಶುರು ಮಾಡುವವರಿಗೆ ನನಗಿಲ್ಲದ ಏನೋ ಒಂದು ಮನಸ್ಸು ಇರುತ್ತದೆ, ಅದು ಬರುವವರೆಗೆ ಕಾಯಬೇಕು ಎಂದುಕೊಂಡಿದ್ದೆ. ಅದು ಬರಬೇಕಾಗಿಲ್ಲ ಎಂದು ತಿಳಿದದ್ದು ಆಗ. ಸಿಟ್ಟು ಇಳಿಯದೆಯೂ ಬೂಟು ಹಾಕಬಹುದು.

"ಇನ್ನೊಮ್ಮೆ ಬಿಡ್ತೇನೆ" ಎಂದೆ.

"ಓಡಿತಲ್ಲ ಸರಿಯಾಗಿ?"

"ಇನ್ನೊಮ್ಮೆ ನೋಡುವ."

ಮರುದಿನ ಎಂಟಕ್ಕೆ ಚಿಕಿತ್ಸಾಲಯಕ್ಕೆ ಹೋದೆ. ಅಲ್ಲಿನ ಸಿಸ್ಟರ್ ಮಧ್ಯವಯಸ್ಸಿನವರು, ನನ್ನ ಮೊದಲಿನ ತೊಂಬತ್ತನ್ನೂ ಚುಚ್ಚಿದವರು. ಕಾರ್ಡು ನೋಡಿ, ತಾರೀಕು ನೋಡಿ, "ಐದು ದಿನ ಎಲ್ಲಿ ಹೋಗಿದ್ರಿ?" ಎಂದರು. "ಸಿಟ್ಟು ಬಂದಿತ್ತು" ಎಂದೆ. "ಹೋಯ್ತಾ?" "ಇಲ್ಲ." "ಸರಿ, ತಿರುಗಿ ನಿಲ್ಲಿ" ಎಂದರು.

ಒಂದೂವರೆ ತಿಂಗಳು ರಜೆ ಹಾಕಿದೆ, ಡಾಕ್ಟರ ಅಪ್ಪಣೆ. ಕಫದಲ್ಲಿ ರೋಗಾಣು ಇಲ್ಲವೆಂದು ಆದ ಮೇಲೆಯೇ ಜನರ ಮಧ್ಯೆ ಹೋಗಲು ಬಿಟ್ಟರು. ಅಷ್ಟರಲ್ಲಿ ಇಂಜೆಕ್ಷನ್ ಇನ್ನೊಂದು ಉಪದ್ರ ತಂದಿತ್ತು. ಕಿವಿಯಲ್ಲಿ ಸಣ್ಣ ಸಿಳ್ಳೆ, ನಡೆದರೆ ತೂರಾಟ. ಬೆಳಕಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ, ಕತ್ತಲಾದರೆ ನೆಲ ಯಾವುದೆಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಕತ್ತಲಿನಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ವರ ಬೇಕೆ? ಉಡುಪಿಯ ಬೀದಿಯಲ್ಲಿ ನಾನು ತೂರಾಡುವುದನ್ನು ಕಂಡ ಪರಿಚಯದವರೊಬ್ಬರು, ಆಪರೇಟರ್ ಹಗಲೇ ಕುಡಿಯುತ್ತಾನೆ ಎಂದು ಅಧಿಕಾರಿಗೆ ಹೇಳಿದರು. ಅಧಿಕಾರಿ ವಿವರಣೆ ಕೇಳಿದರು. ಡಾಕ್ಟರ ಚೀಟಿ ಕೊಟ್ಟೆ. ಅವರು ಓದಿ, ಬೆರಳ ತುದಿಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಡಾಕ್ಟರಿಗೆ ಹೇಳಿದಾಗ ಪ್ರಮಾಣ ಸ್ವಲ್ಪ ಇಳಿಸಿದರು, ನಿಲ್ಲಿಸಲಿಲ್ಲ.

ನನ್ನ ರಜೆ ಮುಗಿಯುವವರೆಗೆ ಮುಂದೂಡಿದ್ದ ಕಾರ್ಕಳದ ಪ್ರದರ್ಶನ ಹಗಲಿನಲ್ಲಿತ್ತು. ಶಾಲೆಯ ಸಭಾಂಗಣದ ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿಸಿದ್ದರು. ಮುನ್ನೂರು ಮಕ್ಕಳು, ಒಳಗೆ ಉಸಿರು ಕಟ್ಟುವ ಸೆಕೆ. ಡ್ರೈವರ್ ಮೈಕಿನ ತಲೆಗೆ ಒಂದು ಒಗೆದ ಕರವಸ್ತ್ರ ಕಟ್ಟಿದರು. "ನನ್ನ ಹೆದರಿಕೆಗೆ ಅಂತ ತಿಳ್ಕೊಳ್ಳಿ" ಎಂದರು.

ನನ್ನ ಹಳೆಯ ಹಾಳೆಗಳನ್ನು ಬಿಟ್ಟು ಹೊಸದು ಬರೆದಿದ್ದೆ, ಅರ್ಧಕ್ಕೂ ಕಡಿಮೆ. ಒಂದು ವಾಕ್ಯ, ಉಸಿರು, ಇನ್ನೊಂದು ವಾಕ್ಯ. ನಾಲ್ವರು ಶಿಖರದ ಕೆಳಗೆ ನಿಂತರು. ಮುಂದಿನವನು ಕೈ ಎತ್ತಿದ. ಅಷ್ಟರಲ್ಲಿ ಪಟ್ ಎಂದಿತು, ಪರದೆ ಬೆಳ್ಳಗಾಯಿತು. ನಾನು ಜೋಡಿಸಿದ ಜಾಗದಲ್ಲೇ ಬಿಟ್ಟುಕೊಂಡಿತ್ತು. ಸೆಕೆಗೆ ಅಂಟು ಹಿಡಿದಿರಲಿಲ್ಲ.

ಮಕ್ಕಳು ಕಿರುಚಿದರು. ಮುಖ್ಯೋಪಾಧ್ಯಾಯರು ಕತ್ತಲಿನಲ್ಲಿ ಹತ್ತಿರ ಬಂದರು. "ಎಷ್ಟು ಹೊತ್ತಾಗ್ತದೆ?"

"ಹತ್ತು ನಿಮಿಷ."

"ಅಷ್ಟು ಸಮಯ ಇಲ್ಲ. ಆ ಭಾಗ ಬಿಡಿ, ಮುಂದಿನದ್ದು ತೋರಿಸಿ. ಮಕ್ಕಳಿಗೆ ಅವರು ಮೇಲೆ ಮುಟ್ಟಿದ್ದು ಕಂಡ್ರೆ ಸಾಕು."

ಬಿಡುವುದು ಸುಲಭವಿತ್ತು. ನನಗೆ ತಲೆ ಸುತ್ತುತ್ತಿತ್ತು, ಮೇಜು ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ಆದರೆ ಬಾಯಿಯಿಂದ ಬಂದದ್ದು ಬೇರೆ. "ಬಿಡ್ಲಿಕ್ಕೆ ಆಗುವುದಿಲ್ಲ ಸರ್. ಇದಿಲ್ಲದಿದ್ರೆ ಅದು ಸುಳ್ಳಾಗ್ತದೆ."

ಅವರಿಗೆ ಅರ್ಥವಾಗಲಿಲ್ಲ, ಆಗಬೇಕಾದ ಅಗತ್ಯವೂ ಇರಲಿಲ್ಲ. ಗಡಿಯಾರ ನೋಡಿಕೊಂಡು ಹಿಂದಕ್ಕೆ ಹೋದರು. ಡ್ರೈವರ್ ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯನ್ನು ನನ್ನ ಭುಜದ ಮೇಲಿಟ್ಟು ಒತ್ತಿ ನಿಂತರು. ನಾನು ಅಂಚು ಕೆರೆದೆ. ಅಂಟು ಹಚ್ಚಿದೆ. ಈ ಸಲ ಇಪ್ಪತ್ತಲ್ಲ, ಅರವತ್ತು ಎಣಿಸಿದೆ. ಮತ್ತೆ ಪೋಣಿಸುವಾಗ ಕೆಳಗಿನ ಬಳುಕು ಎರಡು ಸಲ ತಪ್ಪಿತು. ಮಕ್ಕಳು ಒಟ್ಟಾಗಿ ಚಪ್ಪಾಳೆ ತಟ್ಟಿ ಗೇಲಿ ಮಾಡುತ್ತಿದ್ದರು. ಅವರೆಲ್ಲರನ್ನೂ ಹೊರಗೆ ಓಡಿಸಬೇಕೆನಿಸುವಷ್ಟು ಸಿಟ್ಟು ಬಂತು. ಮೂರನೆಯ ಸಲಕ್ಕೆ ಕೂತಿತು.

ಡೇರೆಯ ಮನುಷ್ಯ ಬಂದಾಗ ನಾನು ಮೈಕ್ ಕೆಳಗಿಟ್ಟೆ. ಮಕ್ಕಳು ಮೌನವಾಗಿ ನೋಡಿದರು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಅವರು ಮಾತಾಡಿದರು, ಆಕಳಿಸಿದರು, ಯಾರೋ ಯಾರಿಗೋ ಹೊಡೆದರು. ಶಿಖರದ ಸ್ತಬ್ಧಚಿತ್ರ ಬಂದಾಗ ಎದ್ದು ನಿಂತು ಕೂಗಿದರು. ಶಾಲೆಯವರು ಕಳಿಸಿದ ವರದಿಯಲ್ಲಿ, ಚಿತ್ರ ಉಪಯುಕ್ತ, ಆದರೆ ಮಧ್ಯಭಾಗ ದೀರ್ಘವಾಯಿತು ಎಂದಿತ್ತು. ಮುಂದಿನ ವಾರ ಚಿತ್ರ ವಾಪಸು ಹೋಯಿತು. ನಾನು ಮತ್ತೆ ಅದನ್ನು ನೋಡಲಿಲ್ಲ.

ಹದಿನೆಂಟು ತಿಂಗಳನ್ನು ಪೂರ್ತಿ ಮುಗಿಸಿದೆ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ದಿನವೂ ಸಂತೋಷದಿಂದ ನುಂಗಲಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಕಡೆ ಕಲೆ ಉಳಿಯಿತು, ಕಿವಿಯ ಸಿಳ್ಳೆಯೂ ಉಳಿಯಿತು. ಕತ್ತಲಿನಲ್ಲಿ ಸರಿಯಾಗಿ ನಿಲ್ಲಲಾರದ್ದರಿಂದ ವ್ಯಾನಿನ ಕೆಲಸ ಬಿಟ್ಟು ಕಚೇರಿಯ ಉಗ್ರಾಣಕ್ಕೆ ಬರಬೇಕಾಯಿತು. ಹೆಂಡತಿ ಮತ್ತೆ ನನ್ನ ಮಾತನ್ನು ಕೇಳಿದ ಕೂಡಲೇ ನಂಬುವಂತಾಗಲು ಹದಿನೆಂಟು ತಿಂಗಳು ಸಾಲಲಿಲ್ಲ. ಅವಳು ಪೊಟ್ಟಣಗಳನ್ನು ಎಣಿಸುತ್ತಿದ್ದಳು. ನಾನು ಎಣಿಸಲು ಬಿಟ್ಟೆ.

ಆದರೆ ಇಂಜೆಕ್ಷನ್ನಿನ ಕೊನೆಯ ವಾರದ ಒಂದು ಸಂಗತಿಯನ್ನು ಹೇಳಬೇಕು. ಮಲ್ಪೆಯ ಮೀನುಗಾರರೊಬ್ಬರು ಚಿಕಿತ್ಸಾಲಯಕ್ಕೆ ಬಂದಿದ್ದರು. ಯಾಂತ್ರಿಕ ದೋಣಿಯಲ್ಲಿ ದುಡಿಯುವವರು, ನನ್ನದೇ ವಯಸ್ಸು, ಅಗಲ ಭುಜಗಳು ಈಗ ಅಂಗಿ ತೂಗುಹಾಕುವ ಗೂಟದಂತೆ ಕಾಣುತ್ತಿದ್ದವು. ಏಳು ತಿಂಗಳು ಮದ್ದು ತಿಂದು ಬಿಟ್ಟವರು. ಮೊದಲಿನಿಂದ ಎಂದು ಸಿಸ್ಟರ್ ಹೇಳಿದ ಕೂಡಲೇ ಕಾರ್ಡನ್ನು ಮೇಜಿನ ಮೇಲೆ ಎಸೆದು ಹೊರಗೆ ಬಂದು ನಿಂತರು. ಸಿಸ್ಟರ್ ನನ್ನ ಕಡೆ ನೋಡಿದರು. "ನೀವು ಸ್ವಲ್ಪ ಮಾತಾಡಿ."

ಹೋದೆ. ನನ್ನದೂ ಎರಡನೆಯ ಸಲ ಎಂದೆ. ಚಿತ್ರದ ವಿಷಯ ಹೇಳಿದೆ, ನಾಲ್ವರು ಹಿಂದಿರುಗಿದ್ದು, ಕೆಳಗಿನಿಂದ ಮತ್ತೆ ಹೊರಟದ್ದು, ಬೂಟು ಹಾಕಿದ್ದು. ಹೇಳುತ್ತಾ ಹೇಳುತ್ತಾ ನನಗೇ ಅದು ಶಾಲೆಯ ಭಾಷಣದಂತೆ ಕೇಳತೊಡಗಿತು.

ಅವರು ಪೂರ್ತಿ ಕೇಳಿದರು. "ಅವರು ಅಲ್ಲಿಗೆ ಹೋದದ್ದು ಅವರಿಗೆ ಬೇಕಾಗಿ" ಎಂದರು. "ನನಗೆ ಇದು ಬೇಕಾಗಿತ್ತಾ? ನಿಮಗೆ ಬೇಕಾಗಿತ್ತಾ?"

"ಇಲ್ಲ" ಎಂದೆ.

"ಮತ್ತೆ?"

ಅವರ ಮಾತು ನ್ಯಾಯದ್ದೇ ಆಗಿತ್ತು. ಇಷ್ಟು ತಿಂಗಳಲ್ಲಿ ನನಗೆ ಹೊಳೆಯದ ಮಾತು.

"ನಾಳೆ ಎಂಟು ಗಂಟೆಗೆ ನಾನು ಇಲ್ಲಿ ಇರ್ತೇನೆ" ಎಂದೆ. ಅವರು ಬಸ್ಸಿನ ಕಡೆ ನಡೆದರು. ಸಿಸ್ಟರ್ ಅವರ ಕಾರ್ಡನ್ನು ಎತ್ತಿ ಡ್ರಾವರಿನೊಳಗೆ ಹಾಕಿದರು.

ಮರುದಿನ ಏಳೂಮುಕ್ಕಾಲಿಗೇ ಹೋಗಿ ಬೆಂಚಿನಲ್ಲಿ ಕೂತೆ. ಎಂಟಾಯಿತು. ಸಿಸ್ಟರ್ ನನ್ನ ಹೆಸರು ಕರೆದರು. ಸ್ವಲ್ಪ ತಡೆಯಿರಿ ಎಂದೆ. ಎಂಟೂಕಾಲಾಯಿತು. ಎಂಟೂವರೆಗೆ ಮಲ್ಪೆಯ ಬಸ್ಸು ಬಂತು. ಅವರು ಇಳಿದು, ನನ್ನ ಮುಖ ನೋಡದೆ ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ನಿಮ್ಮದು ಇವತ್ತು ಎಷ್ಟನೆಯದ್ದು?" ಎಂದು ಕೊನೆಗೆ ಕೇಳಿದರು.

"ಎಂಬತ್ತೊಂಬತ್ತು."

ಅವರು ಒಳಗೆ ಸಿಸ್ಟರ್ ಸೂಜಿ ಕುದಿಸುತ್ತಿದ್ದ ಪಾತ್ರೆಯ ಕಡೆ ನೋಡಿದರು. ಎದ್ದು ನಿಂತು ಲುಂಗಿ ಸರಿಮಾಡಿಕೊಂಡರು.

"ನನ್ನದು ಒಂದು" ಎಂದರು, ಮತ್ತು ನನಗಿಂತ ಮೊದಲು ಒಳಗೆ ಹೋದರು.